ದುಡಿಯುವವರು ತೀರಿಕೊಂಡ ಮನೆಗೆ ಸರ್ಕಾರದ ನೆರವು: ಏನೇನಿದೆ, ಎಲ್ಲಿ ಕೇಳಬೇಕು, ಯಾವುದು ಮೊದಲು

ಮನೆಗೆ ಅನ್ನ ಹಾಕುತ್ತಿದ್ದವರು ಹೋದರೆ ಸರ್ಕಾರದಿಂದ ಏನಾದರೂ ಸಿಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಅದು ಒಂದೇ ಕಡೆ ಸಿಗುವುದಿಲ್ಲ. ವಿಧವಾ ವೇತನ ಕಂದಾಯ ಇಲಾಖೆಯದು. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ವಿಮೆ ಹಣ ಬ್ಯಾಂಕಿನಿಂದ ಬರಬೇಕು. ಮಕ್ಕಳಿಗೆ ಬರುವ ತಿಂಗಳ ಹಣಕ್ಕೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಒಂದು ಕಚೇರಿಯವರು ಇನ್ನೊಂದರ ವಿಷಯ ತಾವಾಗಿ ಹೇಳುವುದು ಕಡಿಮೆ. ಹಾಗಾಗಿ ಹೆಚ್ಚಿನ ಮನೆಗಳಲ್ಲಿ ವಿಧವಾ ವೇತನಕ್ಕೆ ಒಂದು ಅರ್ಜಿ ಹಾಕಿ ಅಲ್ಲಿಗೇ ನಿಲ್ಲಿಸುತ್ತಾರೆ.

ಊರಲ್ಲಿ ಇಂಥ ಅರ್ಜಿಗಳಿಗೆ ಜೊತೆಯಾಗಿ ಓಡಾಡುತ್ತಾ ಬಂದ ಮೇಲೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ಅರ್ಹತೆ ಇಲ್ಲದೆ ಹಣ ತಪ್ಪುವುದು ಕಡಿಮೆ. ಕಾಗದಗಳು ಒಂದಕ್ಕೊಂದು ತಾಳೆ ಆಗದೆ, ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ತಪ್ಪಿ ಹಣ ತಪ್ಪುವುದೇ ಜಾಸ್ತಿ. ಅದಕ್ಕೇ ಇಲ್ಲಿ ಕ್ರಮಕ್ಕೆ ಹೆಚ್ಚು ಒತ್ತು ಕೊಟ್ಟಿದ್ದೇನೆ. ಬರೆದಿರುವುದು ಕರ್ನಾಟಕದ ಬಿಪಿಎಲ್ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು.

1. ಮರಣ ಪ್ರಮಾಣ ಪತ್ರ: 21 ದಿನದ ಒಳಗೆ

ಎಲ್ಲಾ ಅರ್ಜಿಗಳಿಗೂ ಇದೇ ಬುಡ. ಸಾವು ಆದ 21 ದಿನದೊಳಗೆ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ತಡವಾದರೆ ತಡದ ಶುಲ್ಕ ಕಟ್ಟಬೇಕು. ಅದೂ ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು, ಆಗ ತಿಂಗಳುಗಟ್ಟಲೆ ಅಲೆದಾಟ.

ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ವರದಿ ಕಳಿಸುವುದು ಆಸ್ಪತ್ರೆಯವರ ಕೆಲಸ. ಮನೆಯಲ್ಲಿ ಆಗಿದ್ದರೆ ಮನೆಯವರು ತಿಳಿಸಬೇಕು. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಲ್ಲೋ ಗ್ರಾಮ ಆಡಳಿತ ಅಧಿಕಾರಿ (ನಾವು ವಿಎ ಅಂತ ಕರೆಯುವವರು) ಹತ್ತಿರವೋ ಕೇಳಿ. ಪಟ್ಟಣವಾದರೆ ಪುರಸಭೆ, ನಗರಸಭೆ ಅಥವಾ ಪಾಲಿಕೆ.

ಇಲ್ಲೊಂದು ಸಂಗತಿ ಅನೇಕರಿಗೆ ಗೊತ್ತಿರುವುದಿಲ್ಲ. ನೋಂದಣಿ ಆಗುವುದು ಸಾವು ನಡೆದ ಊರಿನಲ್ಲಿ, ಸ್ವಂತ ಊರಿನಲ್ಲಲ್ಲ. ರಾಯಚೂರಿನವರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಪತ್ರ ಬೆಂಗಳೂರಿನಲ್ಲೇ ಸಿಗುತ್ತದೆ. ದೇಹ ತೆಗೆದುಕೊಂಡು ಹೊರಡುವ ಗಡಿಬಿಡಿಯಲ್ಲಿ ಆಸ್ಪತ್ರೆಯ ಕಾಗದಗಳನ್ನು ಬಿಟ್ಟು ಬರುತ್ತಾರೆ. ಜೊತೆಗೆ ಹೋದವರು ಯಾರಾದರೂ ಒಬ್ಬರು ಡಿಸ್ಚಾರ್ಜ್ ಅಥವಾ ಡೆತ್ ಸಮ್ಮರಿ ಕೇಳಿ ಇಟ್ಟುಕೊಳ್ಳಿ. ಹೆಸರು ಮತ್ತು ವಿಳಾಸವನ್ನು ಆಧಾರ್‌ನಲ್ಲಿ ಇರುವ ಹಾಗೇ ಬರೆಸಿ.

ತಿಥಿ ಆಗುವವರೆಗೆ ಹೆಂಡತಿ ಹೊರಗೆ ಹೋಗಬಾರದು ಅನ್ನುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಅದಕ್ಕೋಸ್ಕರ ನೋಂದಣಿ ನಿಲ್ಲಬೇಕಾಗಿಲ್ಲ. ಮೈದುನನೋ ತಮ್ಮನೋ ಹೋಗಿ ಮಾಡಿಸಬಹುದು. ಸಿಕ್ಕ ಮೇಲೆ ಐದಾರು ಪ್ರತಿ ತೆಗೆದಿಟ್ಟುಕೊಳ್ಳಿ.

2. ಅರ್ಜಿಗೂ ಮೊದಲು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ

ಈ ಹೆಜ್ಜೆಗೆ ಒಂದು ಮಧ್ಯಾಹ್ನ ಪೂರ್ತಿ ಕೊಡಿ. ಮರಣ ಪತ್ರ, ಗಂಡನ ಆಧಾರ್, ಹೆಂಡತಿಯ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರವಿಕೊಳ್ಳಿ. ಒಂದು ಹಾಳೆಯಲ್ಲಿ ಪ್ರತಿಯೊಂದರಲ್ಲೂ ಹೆಸರು ಹೇಗಿದೆ ಅಂತ ಅಕ್ಷರಕ್ಕೆ ಅಕ್ಷರ ಬರೆಯಿರಿ. ಇನಿಶಿಯಲ್ ಮುಂದಿದೆಯೋ ಹಿಂದಿದೆಯೋ ಅದನ್ನೂ ಬರೆಯಿರಿ.

ಸಾಮಾನ್ಯವಾಗಿ ಕಾಣುವುದು ಹೀಗೆ. ಮರಣ ಪತ್ರದಲ್ಲಿ ಮಂಜಪ್ಪ. ಆಧಾರ್‌ನಲ್ಲಿ ಮಂಜುನಾಥ. ರೇಷನ್ ಕಾರ್ಡಿನಲ್ಲಿ ಮಂಜುನಾಥಪ್ಪ. ನಾಡಕಚೇರಿ ಕಿಟಕಿಯಲ್ಲಿ ಆಪರೇಟರು "ಅಮ್ಮ, ಹೆಸರು ತಾಳೆ ಆಗ್ತಿಲ್ಲ" ಅನ್ನುತ್ತಾರೆ. "ಒಬ್ಬರೇ ಸಾರ್, ನಮ್ಮ ಮನೆಯವರೇ" ಅಂತ ಆಕೆ ಹೇಳುತ್ತಾಳೆ. ಅವಳ ಮಾತು ನಿಜ. ಆದರೆ ಕಂಪ್ಯೂಟರಿಗೆ ಕಾಗದ ಬೇಕು. ಅಲ್ಲಿಂದ ಅವಳು ಮನೆಗೆ ವಾಪಸ್. ಆ ದಿನದ ಕೂಲಿಯೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು.

ಎಲ್ಲಿ ಸರಿಪಡಿಸಬೇಕು?

ಮರಣ ಪತ್ರದಲ್ಲಿ ತಪ್ಪಿದ್ದರೆ ಅದನ್ನು ಕೊಟ್ಟ ನೋಂದಣಾಧಿಕಾರಿ ತಿದ್ದಬಲ್ಲರು. ಆಧಾರ್ ಜೆರಾಕ್ಸ್ ಜೊತೆ ಅರ್ಜಿ ಕೊಡಿ. ತೀರಿಕೊಂಡವರ ಆಧಾರ್ ತಿದ್ದಿಸಲು ಆಗುವುದಿಲ್ಲ. ಹಾಗಾಗಿ ಉಳಿದದ್ದನ್ನೆಲ್ಲ ಅವರ ಆಧಾರ್‌ಗೆ ಹೊಂದಿಸುವುದೇ ದಾರಿ.

ಹೆಂಡತಿಯ ಹೆಸರು ಬೇರೆ ಬೇರೆ ಇದ್ದರೆ ಮೊದಲು ಅವಳ ಆಧಾರ್ ಸರಿ ಇದೆಯಾ ನೋಡಿ. ಸರಿ ಇದ್ದರೆ ಅದನ್ನು ಮುಟ್ಟಬೇಡಿ. ಬ್ಯಾಂಕ್ ಮತ್ತು ರೇಷನ್ ಕಾರ್ಡನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಯಾರೋ ಹೇಳಿದರು ಅಂತ ಆ ಅವಕಾಶವನ್ನು ಸುಮ್ನೆ ಖರ್ಚು ಮಾಡಬೇಡಿ. ವಿಳಾಸದ ಸಾಲಿನಲ್ಲಿ ಗಂಡನ ಹೆಸರು ಇದ್ದರೆ ಇರಲಿ. ಗಂಡ ತೀರಿಕೊಂಡ ಅಂತ ಅದನ್ನು ತೆಗೆಸುವ ಅಗತ್ಯವಿಲ್ಲ. ಇಂಥವಳು ಇಂಥವನ ಹೆಂಡತಿ ಅಂತ ತೋರಿಸಲು ಅದೇ ಸಾಲು ಉಪಯೋಗಕ್ಕೆ ಬರುತ್ತದೆ.

ಸಣ್ಣ ವ್ಯತ್ಯಾಸವಾದರೆ, ಎರಡೂ ಹೆಸರು ಒಬ್ಬರದೇ ಅಂತ ಛಾಪಾ ಕಾಗದದ ಮೇಲೆ ನೋಟರಿ ಅಫಿಡವಿಟ್ ಮಾಡಿಸಿದರೆ ಎಷ್ಟೋ ಕಡೆ ಕೆಲಸ ಆಗುತ್ತದೆ. ಆದರೆ ಬ್ಯಾಂಕು ಮತ್ತು ಆಧಾರ್ ನಡುವಿನ ತಾಳೆಗೆ ಅಫಿಡವಿಟ್ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ತಿದ್ದಿಸಲೇಬೇಕು.

3. ಆದಾಯ ಪತ್ರ ಹೊಸದಾಗಿ ಮಾಡಿಸಿ

ವಿಧವಾ ವೇತನಕ್ಕೆ ವರ್ಷದ ಆದಾಯ 32,000 ರೂಪಾಯಿ ಮೀರಿರಬಾರದು. ಈ ಮಿತಿ ತೀರಾ ಕಡಿಮೆ ಆಯಿತು ಅನ್ನುವುದು ನನ್ನ ಅಭಿಪ್ರಾಯ. ದಿನಕ್ಕೆ 300 ರೂಪಾಯಿ ಕೂಲಿ ಅಂದರೂ 107 ದಿನಕ್ಕೆ ಮಿತಿ ದಾಟುತ್ತದೆ. ವರ್ಷದಲ್ಲಿ ಮೂರೂವರೆ ತಿಂಗಳು ಕೂಲಿ ಸಿಕ್ಕ ಹೆಂಗಸು ಬಡವಳಲ್ಲ ಅನ್ನೋಕಾಗುತ್ತಾ? ಈ ಮಿತಿ ಏರಬೇಕು. ಅಲ್ಲಿಯವರೆಗೆ ಇರುವ ನಿಯಮದಲ್ಲೇ ಕೆಲಸ ಮಾಡಿಸಬೇಕು.

ಇಲ್ಲಿ ಎಡವುವುದು ಎಲ್ಲಿ ಅಂದರೆ ಹಳೆಯ ಪತ್ರದಲ್ಲಿ. ಮಕ್ಕಳ ಸ್ಕೂಲಿಗೆ ಅಂತ ಗಂಡ ಬದುಕಿದ್ದಾಗ ಮಾಡಿಸಿದ ಆದಾಯ ಪತ್ರ ಮನೆಯಲ್ಲಿರುತ್ತದೆ. ಅದರ ಅವಧಿ ಐದು ವರ್ಷ, ಹಾಗಾಗಿ ಇನ್ನೂ ಚಾಲ್ತಿಯಲ್ಲೇ ಇರುತ್ತದೆ. ಅದರಲ್ಲಿ ಗಂಡನ ದುಡಿಮೆಯೂ ಸೇರಿರುತ್ತದೆ. ಆ ಹಳೆಯ ಪತ್ರದ ಮೇಲಿರುವ ಆರ್‌ಡಿ ನಂಬರನ್ನೇ ಕೊಟ್ಟರೆ ಆದಾಯ ಜಾಸ್ತಿ ಅಂತ ಅರ್ಜಿ ತಿರಸ್ಕೃತವಾಗುತ್ತದೆ. ಮರಣ ಪತ್ರ ತೋರಿಸಿ, ಈಗಿನ ಪರಿಸ್ಥಿತಿಗೆ ತಕ್ಕ ಹೊಸ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ವಿಎ ಮತ್ತು ಆರ್‌ಐ (ಕಂದಾಯ ನಿರೀಕ್ಷಕರು) ವರದಿ ಕೊಟ್ಟ ಮೇಲೆ ಪತ್ರ ಬರುತ್ತದೆ. ವಿಚಾರಣೆಗೆ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಇದೇ ಸಲಕ್ಕೆ ಕುಟುಂಬದ ಜೀವಂತ ಸದಸ್ಯರ ಪ್ರಮಾಣ ಪತ್ರಕ್ಕೂ ಅರ್ಜಿ ಹಾಕಿಬಿಡಿ. ಬ್ಯಾಂಕು, ಪಿಎಫ್, ಜಮೀನಿನ ಪೌತಿ ಖಾತೆ ಇವಕ್ಕೆಲ್ಲ ಇದನ್ನೋ ವಂಶವೃಕ್ಷವನ್ನೋ ಕೇಳುತ್ತಾರೆ.

4. ಬ್ಯಾಂಕ್ ಖಾತೆ: ಆಧಾರ್ ಕೊಟ್ಟಿದ್ದರೆ ಮಾತ್ರ ಸಾಲದು

ಮಂಜೂರಾತಿ ಆದೇಶ ಕೈಯಲ್ಲಿದ್ದರೂ ಹಣ ಬಾರದಿರಲು ದೊಡ್ಡ ಕಾರಣ ಇದು. ಸರ್ಕಾರದ ಹಣ ಈಗ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ. ಆಧಾರ್ ಸಂಖ್ಯೆ ನೋಡಿ ಬರುತ್ತದೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅನ್ನುವ ಪಟ್ಟಿ ಎನ್‌ಪಿಸಿಐ ಸಂಸ್ಥೆಯ ಹತ್ತಿರ ಇರುತ್ತದೆ. ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕ್. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಜೋಡಣೆಗೆ ಒಪ್ಪಿಗೆ ಕೊಟ್ಟಿದ್ದೀರೋ ಹಣ ಅಲ್ಲಿಗೆ ಹೋಗುತ್ತದೆ.

ಖಾತೆ ತೆರೆಯುವಾಗ ಕೆವೈಸಿಗೆ ಆಧಾರ್ ಜೆರಾಕ್ಸ್ ಕೊಟ್ಟಿರುತ್ತೀರಿ. ಅದು ಬೇರೆ, ಈ ಜೋಡಣೆ ಬೇರೆ. ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆಯಾ" ಅಂತ ಕೇಳಿದರೆ ಆಗಿದೆ ಅನ್ನುತ್ತಾರೆ, ಮಾತು ಸುಳ್ಳಲ್ಲ. ನೀವು ಕೇಳಬೇಕಾದದ್ದು ಹೀಗೆ: "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ, ಡಿಬಿಟಿ ಹಣ ಈ ಖಾತೆಗೆ ಬರುತ್ತಾ?" ಡಿಬಿಟಿ ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ. ಆಗಿಲ್ಲವಾದರೆ ಒಪ್ಪಿಗೆ ಫಾರಂ ಕೇಳಿ ಪಡೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ಕೊಡಿ.

ನೀವೇ ನೋಡಿಕೊಳ್ಳಲು ದಾರಿಗಳಿವೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಅಲ್ಲಿ ಬ್ಯಾಂಕಿನ ಹೆಸರೂ ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ಅನ್ನುವುದೂ ಕಾಣುತ್ತದೆ. ರಾಜ್ಯದ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಅಂತ ಕಾಣುತ್ತದೆ. ಹಣ ಬಂದಿಲ್ಲ ಅಂತ ತಿಂಗಳುಗಟ್ಟಲೆ ಅಲೆದವರ ಹಣ, ಯಾವತ್ತೋ ತೆರೆದು ಮರೆತ ಖಾತೆಯಲ್ಲಿ ಬಿದ್ದಿರುವುದೂ ಉಂಟು.

ಹತ್ತಿರ ಬ್ಯಾಂಕಿಲ್ಲದ ಹಳ್ಳಿಯಾದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆ ಒಳ್ಳೆಯದು. ವಯಸ್ಸಾದವರಿಗೆ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ಬೆರಳಚ್ಚು ಪಡೆದು ಹಣ ಕೊಡುವ ಅನುಕೂಲ ಇದೆ. ಖಾತೆ ಮಾತ್ರ ಅವಳೊಬ್ಬಳ ಹೆಸರಿನಲ್ಲೇ ಇರಲಿ.

5. ವಿಧವಾ ವೇತನದ ಅರ್ಜಿ

ಈಗ ಅರ್ಜಿ. ಹೋಬಳಿಯ ನಾಡಕಚೇರಿ ಅಂದರೆ ಅಟಲ್‌ಜಿ ಜನಸ್ನೇಹಿ ಕೇಂದ್ರ, ಗ್ರಾಮ ಒನ್, ಕರ್ನಾಟಕ ಒನ್, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಸೇವಾ ಸಿಂಧು ವೆಬ್‌ಸೈಟ್, ಎಲ್ಲಾದರೂ ಹಾಕಬಹುದು. ಮೊದಲ ಸಲ ಹಾಕುವವರಿಗೆ ನಾಡಕಚೇರಿಯೇ ಸರಿ ಅನ್ನುತ್ತೇನೆ. ಏನಾದರೂ ಕೊರತೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಬೇಕಾದವು: ಆಧಾರ್, ಬಿಪಿಎಲ್ ರೇಷನ್ ಕಾರ್ಡ್, ಗಂಡನ ಮರಣ ಪತ್ರ, ಆದಾಯ ಪತ್ರದ ಆರ್‌ಡಿ ನಂಬರ್, ಪಾಸ್‌ಬುಕ್ ಮೊದಲ ಪುಟದ ಜೆರಾಕ್ಸ್, ಫೋಟೋ, ಮೊಬೈಲ್ ನಂಬರ್. ಅಸಲು ಪ್ರತಿಗಳನ್ನು ತೋರಿಸಿ, ಕೊಡುವುದು ಜೆರಾಕ್ಸ್ ಮಾತ್ರ. ಮೊಬೈಲ್ ನಂಬರ್ ನಿಮ್ಮ ಮನೆಯದೇ ಕೊಡಿ. ಸೈಬರ್ ಸೆಂಟರಿನವರು ಅವಸರದಲ್ಲಿ ತಮ್ಮದೇ ನಂಬರ್ ಹಾಕಿಬಿಟ್ಟರೆ ಮುಂದಿನ ಮೆಸೇಜುಗಳು ಒಂದೂ ನಿಮಗೆ ಬರುವುದಿಲ್ಲ.

18 ವರ್ಷ ತುಂಬಿದ ಯಾವ ಬಡ ವಿಧವೆಯೂ ಅರ್ಜಿ ಹಾಕಬಹುದು. ಕೇಂದ್ರದ ಯೋಜನೆ 40 ರಿಂದ 79 ವರ್ಷದವರಿಗೆ ತಿಂಗಳಿಗೆ 300 ರೂಪಾಯಿ ಪಾಲು ಕೊಡುತ್ತದೆ, ಉಳಿದದ್ದನ್ನು ರಾಜ್ಯ ಹಾಕುತ್ತದೆ. 40ಕ್ಕಿಂತ ಚಿಕ್ಕವರಿಗೆ ಪೂರ್ತಿ ರಾಜ್ಯದ್ದೇ ಹಣ. ಹಾಗಾಗಿ "ನಿನಗಿನ್ನೂ ನಲವತ್ತಾಗಿಲ್ಲ" ಅಂತ ಯಾರಾದರೂ ವಾಪಸ್ ಕಳಿಸಿದರೆ ಕೇಳಬೇಡಿ. 2021ರಲ್ಲಿ ರಾಜ್ಯ ಸರ್ಕಾರ ಈ ವೇತನವನ್ನು ತಿಂಗಳಿಗೆ 600 ರಿಂದ 800 ರೂಪಾಯಿಗೆ ಏರಿಸಿತು. ಆಕೆ ಮರುಮದುವೆಯಾದರೆ ವೇತನ ನಿಲ್ಲುತ್ತದೆ.

ಅರ್ಜಿ ಹಾಕಿದ ಕೂಡಲೇ ರಸೀದಿ ಪಡೆಯಿರಿ. ರಸೀದಿ ಇಲ್ಲದೆ ಕಿಟಕಿ ಬಿಡಬೇಡಿ. ಅದರಲ್ಲಿ 15 ಅಂಕಿಯ ಸಕಾಲ ಸಂಖ್ಯೆ ಇರುತ್ತದೆ. ಜಿಎಸ್‌ಸಿ ನಂಬರ್ ಅಂತಲೂ ಅನ್ನುತ್ತಾರೆ. ಯಾವ ದಿನದೊಳಗೆ ಕೆಲಸ ಮುಗಿಯಬೇಕು ಅಂತಲೂ ಅದರಲ್ಲೇ ಇರುತ್ತದೆ. ಸೇವೆಯನ್ನು ಗೊತ್ತುಪಡಿಸಿದ ದಿನದೊಳಗೆ ಕೊಡಲೇಬೇಕು ಅನ್ನುವ 2011ರ ಸಕಾಲ ಕಾಯ್ದೆಯ ಬಲ ನಿಮಗೆ ಸಿಗುವುದು ಈ ನಂಬರ್ ಇದ್ದರೆ ಮಾತ್ರ. "ಇಟ್ಟು ಹೋಗಮ್ಮ, ಸರ್ವರ್ ಬಂದಾಗ ಹಾಕ್ತೀನಿ" ಅಂದರೆ ಕಾಗದ ಇಟ್ಟು ಬರಬೇಡಿ, ಸರ್ವರ್ ಬಂದಾಗಲೇ ಹೋಗಿ. ಶುಲ್ಕವೂ ರಸೀದಿಯಲ್ಲಿ ಅಚ್ಚಾದಷ್ಟೇ. ಅದರ ಮೇಲೆ ಒಂದು ರೂಪಾಯಿಯೂ ಯಾರಿಗೂ ಕೊಡಬೇಕಾಗಿಲ್ಲ. ಮಾಡಿಸಿಕೊಡುತ್ತೇನೆ ಅಂತ ಎರಡು ಮೂರು ಸಾವಿರ ಕೇಳುವ ಬ್ರೋಕರ್‌ಗಳು ಮಾಡುವುದೂ ಇದೇ ಅರ್ಜಿಯನ್ನೇ.

ವಿಎ ಮನೆಗೆ ಬಂದು ವಿಚಾರಿಸುತ್ತಾರೆ. ಆ ದಿನ ಮನೆಯಲ್ಲಿ ಇರುವುದು ಒಳ್ಳೆಯದು. ಸಾಧ್ಯವಾದರೆ ಅರ್ಜಿ ಹಾಕಿದ ವಾರದಲ್ಲೇ ಫೋನ್ ಮಾಡಿ, ಯಾವಾಗ ಬರುತ್ತೀರಿ ಅಂತ ಕೇಳಿ. ವರದಿ ಆರ್‌ಐ ಮೂಲಕ ಮೇಲೆ ಹೋಗಿ ಮಂಜೂರಾತಿ ಆದೇಶ ಬರುತ್ತದೆ. ಆದೇಶದ ಪ್ರತಿ ಪಡೆದುಕೊಳ್ಳಿ. ಹಿಂದಿನ ತಿಂಗಳುಗಳ ಹಣ ಲೆಕ್ಕಕ್ಕೆ ಬರುವುದಿಲ್ಲ, ಮಂಜೂರಾದ ಮೇಲಿಂದಷ್ಟೇ ಶುರು. ತಡ ಮಾಡಿದ ಒಂದೊಂದು ತಿಂಗಳೂ ನಷ್ಟವೇ.

6. ಒಮ್ಮೆಗೇ ಬರುವ 20,000 ರೂಪಾಯಿ

1995ರ ಆಗಸ್ಟ್ 15ರಂದು ಶುರುವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಲ್ಲಿ ಒಂದು ಭಾಗ ಇದು. ಹೆಸರು ರಾಷ್ಟ್ರೀಯ ಕುಟುಂಬ ನೆರವು ಯೋಜನೆ, ಕಚೇರಿಯಲ್ಲಿ ಎನ್‌ಎಫ್‌ಬಿಎಸ್ ಅನ್ನುತ್ತಾರೆ. ಬಿಪಿಎಲ್ ಕುಟುಂಬದಲ್ಲಿ ದುಡಿದು ಮನೆ ನಡೆಸುತ್ತಿದ್ದ, 18 ರಿಂದ 59 ವರ್ಷದೊಳಗಿನವರು ತೀರಿಕೊಂಡರೆ ಕುಟುಂಬಕ್ಕೆ ಒಂದೇ ಕಂತಿನಲ್ಲಿ 20,000 ರೂಪಾಯಿ. ಸಾವಿಗೆ ಕಾರಣ ಕಾಯಿಲೆಯೋ ಅಪಘಾತವೋ ಅನ್ನುವ ಭೇದ ಇಲ್ಲ.

ಗಂಡಸು ಸತ್ತರೆ ಮಾತ್ರ ಅಂತ ತಿಳಿದುಕೊಂಡವರು ಬಹಳ. ಹಾಗಿಲ್ಲ. ಈ ಯೋಜನೆಯ ಮಾರ್ಗಸೂಚಿಯಲ್ಲೇ, ಮನೆ ನೋಡಿಕೊಳ್ಳುವ ಗೃಹಿಣಿಯನ್ನೂ ಕುಟುಂಬದ ಆಧಾರ ಅಂತಲೇ ಎಣಿಸಬೇಕು ಎಂದು ಬರೆದಿದೆ. ಹೆಂಡತಿ ತೀರಿಕೊಂಡು ಮಕ್ಕಳೊಂದಿಗೆ ಉಳಿದ ಗಂಡನೂ ಕೇಳಬಹುದು. ಇದು ನನಗೆ ತುಂಬಾ ಇಷ್ಟವಾದ ಸಾಲು. ಅಡುಗೆ, ನೀರು, ದನ, ಮಗು, ಇವೆಲ್ಲ ದುಡಿಮೆಯೇ ಅಂತ ಒಂದು ಸರ್ಕಾರಿ ಕಾಗದ ಒಪ್ಪಿಕೊಂಡಿದೆ.

ಅರ್ಜಿ ತಹಶೀಲ್ದಾರರಿಗೆ. ವಿಧವಾ ವೇತನದ ಕಾಗದಗಳೇ ಸಾಕು, ಜೊತೆಗೆ ತೀರಿಕೊಂಡವರ ವಯಸ್ಸಿಗೆ ದಾಖಲೆ ಬೇಕು. ವಿಧವಾ ವೇತನಕ್ಕೆ ಹೋದ ದಿನವೇ "ಎನ್‌ಎಫ್‌ಬಿಎಸ್ ಅರ್ಜಿಯೂ ಕೊಡಿ" ಅಂತ ಬಾಯಿಬಿಟ್ಟು ಕೇಳಿ. ಒಂದು ಪಡೆದರೆ ಇನ್ನೊಂದು ಇಲ್ಲ ಅನ್ನುವ ನಿಯಮವೇನೂ ಇಲ್ಲ.

7. ತೀರಿಕೊಂಡವರ ಪಾಸ್‌ಬುಕ್ ಎಂಟ್ರಿ ಮಾಡಿಸಿ ಓದಿ

ಖಾತೆಯಲ್ಲಿ ಏನಿರುತ್ತದೆ ಬಿಡಿ, ಇನ್ನೂರು ಮುನ್ನೂರು ರೂಪಾಯಿ ಅಂತ ಪಾಸ್‌ಬುಕ್ಕನ್ನು ಟ್ರಂಕಿನಲ್ಲಿಟ್ಟು ಮರೆಯುತ್ತಾರೆ. ದಯವಿಟ್ಟು ಎಂಟ್ರಿ ಮಾಡಿಸಿ. ಮೇ ತಿಂಗಳ ಕೊನೆಯ ವಾರದ ಸಾಲುಗಳನ್ನು ಬೆರಳಿಟ್ಟು ನೋಡಿ. 436 ರೂಪಾಯಿ ಕಡಿತವಾಗಿದೆಯಾ? ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. 20 ರೂಪಾಯಿ ಕಡಿತವಾಗಿದೆಯಾ? ಅದು ಸುರಕ್ಷಾ ವಿಮೆ. ಈ ವಿಮೆಗಳ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ.

436ರ ವಿಮೆಗೆ ಸಾವಿನ ಕಾರಣ ಯಾವುದಾದರೂ 2 ಲಕ್ಷ ರೂಪಾಯಿ. ಸೇರಲು ವಯಸ್ಸು 18 ರಿಂದ 50. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಸಿಗುತ್ತದೆ. 20ರ ವಿಮೆ ಅಪಘಾತಕ್ಕೆ ಮಾತ್ರ, ಅದೂ 2 ಲಕ್ಷ, 70 ವರ್ಷದವರೆಗೆ. ಅಪಘಾತದ ಸಾವಾದರೆ ಎರಡೂ ಸೇರಿ 4 ಲಕ್ಷ ಆಗಬಹುದು. ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದು ಕೂಡ ಅಪಘಾತವೇ. ಅಡಿಕೆ ಮರ, ತೆಂಗಿನ ಮರ ಹತ್ತುವವರ ಮನೆಗಳು ಇದನ್ನು ನೆನಪಿಡಬೇಕು. ರಸ್ತೆ ಅಪಘಾತಕ್ಕೆ ಎಫ್‌ಐಆರ್, ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ ಬೇಕು. ಹಾವು ಕಡಿತಕ್ಕೆ, ಮರದಿಂದ ಬಿದ್ದದ್ದಕ್ಕೆ ತಕ್ಷಣ ಹೋದ ಆಸ್ಪತ್ರೆಯ ದಾಖಲೆ ಮುಖ್ಯ. ನಾಟಿ ಔಷಧಿಗೆ ಮೊದಲು ಓಡಿದವರ ಹತ್ತಿರ ಆ ದಾಖಲೆಯೇ ಇರುವುದಿಲ್ಲ. ಜೀವ ಉಳಿಸಲೂ ಆಸ್ಪತ್ರೆಗೇ ಮೊದಲು ಹೋಗಬೇಕು, ಅಲ್ವಾ?

ಅರ್ಜಿ ಕೊಡುವುದು ಹಣ ಕಡಿತವಾದ ಬ್ಯಾಂಕ್ ಶಾಖೆಯಲ್ಲೇ. ನಾಮಿನಿ ಯಾರಿದ್ದಾರೋ ಅವರು ಕೊಡಬೇಕು. 30 ದಿನದೊಳಗೆ ಕೊಟ್ಟರೆ ಒಳ್ಳೆಯದು. ಒಂದು ಎಚ್ಚರಿಕೆ: ಬ್ಯಾಂಕಿಗೆ ಹೋಗಿ ಸುಮ್ನೆ ಖಾತೆ ಮುಚ್ಚಿಸಿ ಬರಬೇಡಿ. ಮೊದಲು ವಿಮೆಯ ಅರ್ಜಿ, ಆಮೇಲೆ ಖಾತೆ. ಜನಧನ್ ಖಾತೆಯ ರುಪೇ ಕಾರ್ಡಿಗೂ ಅಪಘಾತ ವಿಮೆ ಇರುತ್ತದೆ. ಆದರೆ ಅಪಘಾತಕ್ಕೆ ಹಿಂದಿನ 90 ದಿನದಲ್ಲಿ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು.

ಗಾರ್ಮೆಂಟ್ಸ್, ಫ್ಯಾಕ್ಟರಿ, ಸೆಕ್ಯುರಿಟಿ ಕೆಲಸದಲ್ಲಿದ್ದು ಪಿಎಫ್ ಕಡಿತವಾಗುತ್ತಿದ್ದರೆ ಅಲ್ಲಿ ಮೂರು ಬಾಬ್ತು ಇರುತ್ತದೆ. ಕೂಡಿಟ್ಟ ಹಣ ಒಂದು. ಹೆಂಡತಿ ಮಕ್ಕಳಿಗೆ ತಿಂಗಳ ಪಿಂಚಣಿ ಇನ್ನೊಂದು. ಮೂರನೆಯದು ಪಿಎಫ್ ಜೊತೆಗೇ ಇರುವ ಇಡಿಎಲ್‌ಐ ಅನ್ನುವ ಜೀವವಿಮೆ, ಗರಿಷ್ಠ 7 ಲಕ್ಷ ರೂಪಾಯಿ. ಕಂಪನಿಯವರು ಕೂಡಿಟ್ಟ ಹಣ ಕೊಡಿಸಿ ಕೈತೊಳೆದುಕೊಂಡರೆ ಉಳಿದ ಎರಡನ್ನು ಹೆಸರು ಹಿಡಿದು ಕೇಳಿ. ಕಟ್ಟಡ ಕೆಲಸದ ಕಾರ್ಮಿಕ ಕಾರ್ಡ್ ಇದ್ದವರು ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಕಲ್ಯಾಣ ಮಂಡಳಿಯಿಂದ ಅಂತ್ಯಕ್ರಿಯೆಗೂ ಕುಟುಂಬಕ್ಕೂ ಸಹಾಯಧನ ಇದೆ.

8. ಮಕ್ಕಳಿಗೆ ತಿಂಗಳಿಗೆ 4,000

ಯಾರಿಗೂ ಗೊತ್ತಿಲ್ಲದ ನೆರವು ಇದು ಅಂದರೂ ತಪ್ಪಲ್ಲ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಒಂದು ಕಾರ್ಯಕ್ರಮ ಇದೆ. ತಂದೆ ಇಲ್ಲದೆ ತಾಯಿಯ ಜೊತೆ ಬೆಳೆಯುತ್ತಿರುವ ಮಗು ಇದಕ್ಕೆ ಅರ್ಹ. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ, 18 ವರ್ಷದವರೆಗೆ. ವಿಧವಾ ವೇತನದ ಐದು ಪಟ್ಟು. ಆದಾಯದ ಮಿತಿಯೂ ಸಡಿಲ: ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ರೂಪಾಯಿ.

ಇದರ ಉದ್ದೇಶವೇ ಮಗು ಹಾಸ್ಟೆಲ್ಲು, ಅನಾಥಾಲಯ, ಕೂಲಿ ಅಂತ ಮನೆ ಬಿಡದೆ ತಾಯಿಯ ಹತ್ತಿರವೇ ಇದ್ದು ಓದಬೇಕು ಅನ್ನುವುದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಡಿಯಲ್ಲಿ ಜಿಲ್ಲಾ ಕೇಂದ್ರದಲ್ಲಿರುತ್ತದೆ. ಜಿಲ್ಲೆಗೆ ಹೋಗಲು ಆಗದಿದ್ದರೆ ಅಂಗನವಾಡಿ ಟೀಚರ್ ಮೂಲಕ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವಿನ ಆಧಾರ್, ಜನನ ಪತ್ರ, ತಂದೆಯ ಮರಣ ಪತ್ರ, ಆದಾಯ ಪತ್ರ, ಶಾಲೆಯ ವ್ಯಾಸಂಗ ಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ ಬೇಕು. ಮನೆಗೆ ಬಂದು ನೋಡುತ್ತಾರೆ, ಆಮೇಲೆ ಸಮಿತಿ ತೀರ್ಮಾನ ಮಾಡುತ್ತದೆ. ಅರ್ಜಿ ಹಾಕಿದವರಿಗೆಲ್ಲ ಸಿಗುತ್ತದೆ ಅಂತ ಹೇಳಲಾಗದು. ಆದರೆ ಅರ್ಜಿಯೇ ಹಾಕದೆ ಉಳಿದಿರುವ ತಾಯಂದಿರೇ ಜಾಸ್ತಿ. ಮಗು ಶಾಲೆ ಬಿಟ್ಟರೆ ಹಣ ನಿಲ್ಲುತ್ತದೆ.

9. ರೇಷನ್ ಕಾರ್ಡ್, ಗೃಹಲಕ್ಷ್ಮಿ, ಅತ್ತೆ ಮಾವ

ರೇಷನ್ ಕಾರ್ಡಿನಿಂದ ತೀರಿಕೊಂಡವರ ಹೆಸರು ತೆಗೆಸಬೇಕು. ಕಾರ್ಡಿನ ಯಜಮಾನಿ ಯಾರು ಅಂತಲೂ ಅದೇ ಹೊತ್ತಿಗೆ ನೋಡಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಕಾರ್ಡಿನ ಯಜಮಾನಿಗೆ. ಅತ್ತೆ ಯಜಮಾನಿಯಾಗಿದ್ದರೆ ಹಣ ಅವರಿಗೇ ಬರುತ್ತದೆ, ಅದರಿಂದ ಸೊಸೆಯ ವಿಧವಾ ವೇತನಕ್ಕೆ ಅಡ್ಡಿಯಿಲ್ಲ. ಯಜಮಾನಿಯೇ ತೀರಿಕೊಂಡಿದ್ದರೆ ಕಾರ್ಡಿನಲ್ಲಿ ಯಜಮಾನಿ ಬದಲಾದ ಮೇಲೆ ಹೊಸದಾಗಿ ಅರ್ಜಿ ಹಾಕಬೇಕು.

ಮಗನನ್ನು ಕಳೆದುಕೊಂಡ ಅತ್ತೆ ಮಾವನನ್ನೂ ಮರೆಯಬೇಡಿ. 65 ವರ್ಷ ತುಂಬಿದವರಿಗೆ ಸಂಧ್ಯಾ ಸುರಕ್ಷಾ ಇದೆ. 2021ರಲ್ಲಿ ಅದು ತಿಂಗಳಿಗೆ 1,000 ರಿಂದ 1,200 ರೂಪಾಯಿ ಆಯಿತು. ಕಚೇರಿ ಅದೇ, ಆದಾಯ ಪತ್ರವೂ ಅಲ್ಲೇ. ಒಬ್ಬರಿಗೆ ಒಂದೇ ಪಿಂಚಣಿ ಅನ್ನುವುದು ನಿಯಮ. ಹಾಗಾಗಿ ವಿಧವಾ ವೇತನ ಪಡೆಯುತ್ತಿರುವವರಿಗೆ 65 ತುಂಬಿದಾಗ, ಬದಲಿಸಿಕೊಳ್ಳಬಹುದಾ ಅಂತ ನಾಡಕಚೇರಿಯಲ್ಲಿ ಕೇಳಿ ನೋಡಿ. ಕೇಳದೆ ಇದ್ದದ್ದನ್ನು ರದ್ದು ಮಾಡಿಸಬೇಡಿ.

10. ಅರ್ಜಿ ತಿರಸ್ಕಾರವಾದರೆ, ಬರುತ್ತಿದ್ದ ಹಣ ನಿಂತರೆ

ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ "ಬರಲ್ಲಮ್ಮ" ಲೆಕ್ಕಕ್ಕಿಲ್ಲ. ಕಾರಣ ಹೆಸರಿನದೋ ಆದಾಯದ್ದೋ ಆಗಿದ್ದರೆ ಸರಿಪಡಿಸಿ ಮತ್ತೆ ಅರ್ಜಿ ಹಾಕುವುದೇ ಬೇಗ. ಕಾರಣ ಸರಿಯಿಲ್ಲ ಅನ್ನಿಸಿದರೆ, ಅಥವಾ ರಸೀದಿಯಲ್ಲಿ ಇದ್ದ ದಿನ ದಾಟಿದರೆ ಸಕಾಲದಲ್ಲಿ ಮೇಲ್ಮನವಿ ಹಾಕಿ. ಅದಕ್ಕೆ 30 ದಿನದ ಅವಕಾಶ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಆ 500ಕ್ಕಿಂತ ಮುಖ್ಯ ಸಂಗತಿ ಬೇರೆ. ಮೇಲ್ಮನವಿ ದಾಖಲಾದರೆ ಮೇಜಿನ ಮೇಲೆ ಕೂತ ಕಡತ ಎದ್ದು ಓಡಾಡುತ್ತದೆ.

ಬರುತ್ತಿದ್ದ ವೇತನ ಏಕಾಏಕಿ ನಿಂತರೆ ಈ ಕ್ರಮದಲ್ಲಿ ನೋಡಿ. ಮೊದಲು ಡಿಬಿಟಿ ಆ್ಯಪ್: ಹಣ ಹೋಗಿದೆಯಾ, ವಾಪಸ್ ಬಂದಿದೆಯಾ? ಹೋಗಿದ್ದರೆ ಸಮಸ್ಯೆ ಬ್ಯಾಂಕಿನದು. ಖಾತೆ ನಿಷ್ಕ್ರಿಯವಾಗಿರಬಹುದು, ಕೆವೈಸಿ ಬಾಕಿ ಇರಬಹುದು. ಹೋಗಿಲ್ಲದಿದ್ದರೆ ಸಮಸ್ಯೆ ಕಂದಾಯ ಇಲಾಖೆಯದು. ಪರಿಶೀಲನೆಗೆ ವಿಎ ಬಂದಾಗ ಮನೆಯಲ್ಲಿ ಇರಲಿಲ್ಲ, ಮಗಳ ಊರಿಗೆ ಹೋಗಿದ್ದಳು, ಪಟ್ಟಿಯಲ್ಲಿ "ವಿಳಾಸದಲ್ಲಿ ಇಲ್ಲ" ಅಂತ ಸೇರಿತು. ಹೀಗಾಗುವುದು ಬಹಳ. ಬದುಕಿದ್ದೇನೆ, ಇಲ್ಲೇ ಇದ್ದೇನೆ ಅಂತ ಆಧಾರ್ ಮತ್ತು ಮಂಜೂರಾತಿ ಆದೇಶದ ಜೊತೆ ನಾಡಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೋಬಳಿಯಲ್ಲಿ ಪಿಂಚಣಿ ಅದಾಲತ್ ನಡೆದರೆ ಅಲ್ಲಿಗೆ ಕಾಗದಗಳ ಸಮೇತ ಹೋಗಿ. ಕೆಲಸ ಅಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ.

ಎಲ್ಲೂ ಕದಲದಿದ್ದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮಾಹಿತಿ ಹಕ್ಕಿನಲ್ಲಿ "ನನ್ನ ಈ ನಂಬರಿನ ಅರ್ಜಿ ಈಗ ಯಾರ ಬಳಿ ಇದೆ, ಯಾವ ದಿನದಿಂದ ಇದೆ" ಅಂತ ಕೇಳಬಹುದು. ಬಿಪಿಎಲ್ ಕಾರ್ಡಿನವರಿಗೆ 10 ರೂಪಾಯಿ ಶುಲ್ಕವೂ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿದರೆ ಸಾಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದ ಒಳಗೆ ಇರಬೇಕು. ಉತ್ತರಕ್ಕೆ 30 ದಿನ.

ಇನ್ನೊಂದು ಬಾಗಿಲು ತಾಲೂಕು ಕೋರ್ಟಿನ ಆವರಣದಲ್ಲಿದೆ. ಅದು ತಾಲೂಕು ಕಾನೂನು ಸೇವೆಗಳ ಸಮಿತಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಗಂಡನ ಮನೆಯವರು ಮರಣ ಪತ್ರ ಕೊಡುತ್ತಿಲ್ಲ, ವಿಮೆ ಹಣ ತಮಗೇ ಬೇಕು ಅನ್ನುತ್ತಿದ್ದಾರೆ, ಮನೆ ಬಿಟ್ಟು ಹೋಗು ಅನ್ನುತ್ತಿದ್ದಾರೆ ಅನ್ನುವಂಥ ಪರಿಸ್ಥಿತಿಯಲ್ಲಿ ನಾಡಕಚೇರಿ ಏನೂ ಮಾಡಲಾರದು. ಆಗ ನೇರ ಅಲ್ಲಿಗೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮರಣ ಪತ್ರದ ಪ್ರತಿಯನ್ನಂತೂ ಯಾರನ್ನೂ ಬೇಡಬೇಕಾಗಿಲ್ಲ. ಸಾವು ನೋಂದಣಿಯಾದ ಕಚೇರಿಗೆ ಹೋಗಿ, ಹೆಸರು ಮತ್ತು ಸತ್ತ ದಿನ ಹೇಳಿ, ಹೆಂಡತಿ ತಾನೇ ಪಡೆಯಬಹುದು.